ಆರುನೂರು ರೂಪಾಯಿಯ ಒರಿಜಿನಲ್ ಬ್ಯಾಗು

ಆವತ್ತು ಬೆಳಗ್ಗೆ ಡೇರಿಗೆ ಹಾಲು ಹಾಕಲು ಹೋದ ಉಮಾಶಂಕರನಿಗೆ ಸಾಲಿನಲ್ಲಿದ್ದವರು ಯಾರೂ ಮುಖ ಕೊಟ್ಟು ಮಾತಾಡಲಿಲ್ಲ. ನಿನ್ನೆಯವರೆಗೆ, ಎಲೆಕ್ಷನ್ನಿಗೆ ಮೊದಲೇ, 'ಡೈರೆಕ್ಟ್ರೇ' ಅಂತ ಕೂಗುತ್ತಿದ್ದವರು ಇವತ್ತು ಮೊಬೈಲು ನೋಡಿಕೊಂಡು ಮೀಸೆಯೊಳಗೇ ನಗುತ್ತಿದ್ದರು. ಅವನೂ ಮೊಬೈಲು ತೆಗೆದ. ಹೊಂಗೆಕೊಪ್ಪಲಿನ ಹಾಲಿನ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಅವನ ಹೆಂಡತಿ ಸುಧಾಳ ಫೋಟೊ ಇತ್ತು. ಕೆ.ಆರ್. ನಗರದ ಬೀಗರೂಟದಲ್ಲಿ ತೆಗೆದದ್ದು. ತೋಳಿನಲ್ಲಿ, ಬಂಗಾರದ ಬಣ್ಣದ ಅಕ್ಷರ ಹೊಳೆಯುವ ಫಾರಿನ್ ಬ್ಯಾಗು. ಕೆಳಗೆ ಅಂಗಡಿ ಲಿಂಗಣ್ಣ ಬರೆದಿದ್ದ: 'ಈ ಬ್ಯಾಗಿನ ರೇಟು ಒಂದೂವರೆ ಲಕ್ಷ. ಹೋದ ವರ್ಷ ಸಂಘದ ಬೂಸಾ ಹಂಚಿದವರು ಯಾರು ಅಂತ ಎಲ್ಲರಿಗೂ ಗೊತ್ತು.'

ಬೂಸಾ ಹಂಚಿದವನು ಉಮಾಶಂಕರನೇ. ಒಂದು ಹಿಡಿಯನ್ನೂ ಅವನು ಮನೆಗೆ ಒಯ್ದಿರಲಿಲ್ಲ, ಆ ಮಾತು ಬೇರೆ. ಆದರೆ ಸಂಘದಲ್ಲಿ ಖಾಲಿ ಬಿದ್ದಿದ್ದ ಒಂದೇ ಒಂದು ಡೈರೆಕ್ಟರ್ ಸ್ಥಾನಕ್ಕೆ ನಾಮಪತ್ರ ಹಾಕಲು ಆವತ್ತೇ ಕೊನೆ ದಿನ, ಮತ್ತು ಎದುರಾಳಿ ಇದೇ ಲಿಂಗಣ್ಣ.

ಬ್ಯಾಗೋ, ಅಪ್ಪಟ ಡುಪ್ಲಿಕೇಟು. ಹೋದ ವರ್ಷ ಪಿರಿಯಾಪಟ್ಟಣದಲ್ಲಿ ತಾನು ಬೆಳೆದ ಹೊಗೆಸೊಪ್ಪು ಹರಾಜಾದರೆ ಸುಧಾಳಿಗೆ ಓಲೆ ಮಾಡಿಸಿಕೊಡುವುದಾಗಿ ಉಮಾಶಂಕರ ಮಾತು ಕೊಟ್ಟಿದ್ದ. ದುಡ್ಡೆಲ್ಲ ಬೋರ್‌ವೆಲ್ ಮೋಟರಿಗೆ ಹೋಯಿತು. ಬರಿಗೈಯಲ್ಲಿ ಮನೆಗೆ ಹೋಗಲು ಮನಸ್ಸಾಗದೆ ಮೈಸೂರಿನ ಫುಟ್‌ಪಾತಿನಲ್ಲಿ ಆರುನೂರು ಕೊಟ್ಟು ಆ ಬ್ಯಾಗು ತಂದು, "ಒರಿಜಿನಲ್ಲು ಕಣೇ, ರೇಟ್ ಮಾತ್ರ ಕೇಳ್ಬೇಡ" ಅಂದಿದ್ದ. ಅವಳು ಕೇಳಲೂ ಇಲ್ಲ. ಊರೇ ರೇಟು ಕಟ್ಟಿಕೊಂಡಿತು.

ಈಗ ಅತ್ತ ದರಿ, ಇತ್ತ ಪುಲಿ. ಒರಿಜಿನಲ್ ಅಂದರೆ ಊರು ಕಳ್ಳ ಅನ್ನುತ್ತದೆ, ಡುಪ್ಲಿಕೇಟ್ ಅಂದರೆ ಹೆಂಡತಿ ಸುಳ್ಳ ಅನ್ನುತ್ತಾಳೆ. ಆದರೆ ಉಮಾಶಂಕರ ಎದೆಗುಂದುವ ಆಸಾಮಿಯಲ್ಲ. ಟ್ರ್ಯಾಕ್ಟರು ಕೆಸರಲ್ಲಿ ಅಚ್ಚಿನವರೆಗೆ ಹೂತರೂ ಸೀಟಿನಿಂದ ಇಳಿಯದೆ ಆಕ್ಸಿಲೇಟರ್ ಒತ್ತುವವನು. ಬ್ಯಾಗನ್ನು ಗುಟ್ಟಾಗಿ ಒಯ್ದು ಸಂಘದ ಹಿರಿಯ ಕರಿಯಯ್ಯನಿಗೆ ತೋರಿಸುವುದು, ಅವರ ಬಾಯಿಂದ 'ಹುಡುಗ ಪ್ರಾಮಾಣಿಕ' ಅನ್ನಿಸುವುದು, ಹೆಂಡತಿಗೆ ತಿಳಿಯುವ ಮೊದಲೇ ತಂದು ಬೀರುವಿನಲ್ಲಿಡುವುದು. ಇಷ್ಟೇ ತಾನೇ ಅಂದುಕೊಂಡ.

ಮನೆಗೆ ಬಂದರೆ ಸುಧಾ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಕೈ ನಿಲ್ಲಿಸಿ ಅವನತ್ತ ಒಂದು ಸಲ ನೋಡಿದಳು, ಮತ್ತೆ ಬಾಚತೊಡಗಿದಳು. ಬೀರುವಿನ ಬೀಗದ ಕೈ ಸಿಗಲಿಲ್ಲ. ಕುಡುಗೋಲಿನ ತುದಿ ಹಾಕಿ ಮೀಟಿದ. ಬೀರು ಕಿರುಚಿದ ಸದ್ದಿಗೆ ಕೊಟ್ಟಿಗೆಯ ಹಸುವೂ ಅಂಬಾ ಅಂದಿತು, ಸುಧಾ ಮಾತ್ರ ಬಾಚುತ್ತಲೇ ಇದ್ದಳು. ಪುಣ್ಯಕ್ಕೆ ಕೇಳಿಸಿಲ್ಲ ಅಂದುಕೊಂಡು, ಕೈಗೆ ಸಿಕ್ಕ ಬೂಸಾ ಚೀಲಕ್ಕೆ ಬ್ಯಾಗು ತುರುಕಿ, ಹೆಗಲಿಗೇರಿಸಿ ಹೊರಟ.

ಪಕ್ಕದ ಮನೆಯ ಸಿದ್ದಲಿಂಗಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಅವಳ ಕಣ್ಣು ತಪ್ಪಿಸಿ ಆ ಬೀದಿಯಲ್ಲಿ ಕೋಳಿಯೂ ದಾಟುವುದಿಲ್ಲ.

"ಯಾಕಪ್ಪಾ ಉಮಾಶಂಕ್ರ, ಸಂಘದ್ ಬೂಸಾವ ವಾಪಸ್ ಕೊಡಕ್ಕೋಯ್ತಿದೀಯಾ? ಒಳ್ಳೇದಾಯ್ತು ಬುಡು. ತೆಪ್ ಒಪ್ಕಂಡೋರ್‌ನ ದ್ಯಾವ್ರೂ ಮೆಚ್ತಾನೆ."

"ಬೂಸಾ ಅಲ್ಲ ಕಣವ್ವಾ, ಬ್ಯಾಗು!"

"ಲಕ್ಷದ್ ಬ್ಯಾಗ? ಅದ್ನ್ಯಾಕಪ್ಪಾ ಬೂಸಾ ಚೀಲ್ದಲ್ಲಿ ಬಚ್ಚಿಟ್ಕಂಡಿದೀಯ?"

ಉತ್ತರ ಹೇಳಿದಷ್ಟೂ ಸಿಕ್ಕು ಹೆಚ್ಚುತ್ತದೆಂದು ಅವನು ಹೆಜ್ಜೆ ಜೋರು ಮಾಡಿದ. ಆದರೆ ಸಿದ್ದಲಿಂಗಮ್ಮನ ಮಾತಿಗೆ ಅವನಿಗಿಂತ ಜೋರು ಕಾಲು. ಡೇರಿ ತಲುಪುವ ಹೊತ್ತಿಗೆ ಮುಂದುಗಡೆ ಅರ್ಧ ಊರೇ ನಿಂತಿತ್ತು.

"ನೋಡ್ರಪ್ಪಾ, ಮಾಲ್ ಸಾಗಿಸ್ತಾವ್ನೆ!" ಅಂದ ಲಿಂಗಣ್ಣ.

ಗುಟ್ಟು ಇನ್ನೆಲ್ಲಿಯದು? ಉಮಾಶಂಕರ ಚೀಲ ಕೊಡವಿ ಬ್ಯಾಗು ಎತ್ತಿ ಹಿಡಿದ. "ಕಣ್ ಬಿಟ್ಟು ನೋಡ್ರಿ. ಡುಪ್ಲಿಕೇಟು. ಆರ್ನೂರ್ ರುಪಾಯಿ!"

"ಅಂಗಂತ ಯಾರ್ ಬೇಕಾದ್ರೂ ಯೋಳ್ಬೋದು. ಗ್ಯಾರಂಟಿ ಏನ್ಲಾ?" ಲಿಂಗಣ್ಣ ಬಿಡಲಿಲ್ಲ.

ಬ್ಯಾಗು ಕೈಯಿಂದ ಕೈಗೆ ಹೋಯಿತು. ಒಬ್ಬ ಮೂಸಿದ. ಇನ್ನೊಬ್ಬ ಬಂಗಾರದ ಅಕ್ಷರವನ್ನು ಕಚ್ಚಿ ನೋಡಿ ಹಲ್ಲು ಹಿಡಿದುಕೊಂಡ. ಕೊನೆಗೆ ಅದು ಕರಿಯಯ್ಯನ ಮಡಿಲಿಗೆ ಬಂತು.

"ಆಲಾಗಿದ್ರೆ ಲ್ಯಾಕ್ಟೋಮೀಟ್ರು ಇಕ್ಕಿ ಯೋಳ್ಬುಡ್ತಿದ್ದೆ. ಇದ್ಕೆ ಬೆಂಕೀನೇ ಸರಿ" ಅಂದವರೇ ಕಡ್ಡಿ ಗೀರಿ ಮೂಲೆಗೆ ಹಿಡಿದರು. ಮೂಲೆ ಮುದುರಿತು, ಹವಾಯಿ ಚಪ್ಪಲಿ ಸುಟ್ಟ ವಾಸನೆ ಬಂತು, ಬಂಗಾರದ ಅಕ್ಷರ ತಾನಾಗೇ ಕಳಚಿ ಬಿತ್ತು.

"ಉಡ್ಗ ಬೂಸಾ ತಿಂದಿಲ್ಲ ಕಣ್ರಪ್ಪಾ!" ಅಂತ ಕರಿಯಯ್ಯ ತೀರ್ಪು ಕೊಟ್ಟರು. ಜನ ಚಪ್ಪಾಳೆ ತಟ್ಟಿದರು. ಲಿಂಗಣ್ಣನ ಮುಖ ಬ್ಯಾಗಿನ ಮೂಲೆಯ ಹಾಗಾಯಿತು.

ಯಾರೋ ಇದನ್ನೆಲ್ಲ ವಿಡಿಯೊ ಮಾಡಿ ಆಗಲೇ ಗ್ರೂಪಿಗೆ ಹಾಕಿದ್ದರು. ಸುಧಾಳೂ ಅದೇ ಗ್ರೂಪಿನಲ್ಲಿದ್ದಾಳೆ ಅನ್ನುವುದು ನೆನಪಾಗಿ ಉಮಾಶಂಕರ ಒಂದು ಗಳಿಗೆ ಬಾಗಿಲಲ್ಲೇ ನಿಂತ. ಒಂದೇ ಗಳಿಗೆ. ಹೆಂಡತಿ ನಾಲ್ಕು ದಿನ ಮಾತು ಬಿಡುತ್ತಾಳೆ, ಡೈರೆಕ್ಟರ್‌ಗಿರಿ ಐದು ವರ್ಷ ಇರುತ್ತದೆ ಅಂತ ಸಮಾಧಾನ ಮಾಡಿಕೊಂಡು, ಅಂಗಿ ಸರಿಮಾಡಿಕೊಂಡು, ನಾಮಪತ್ರ ಹಾಕಲು ಡೇರಿಯೊಳಗಿನ ಸಂಘದ ಆಫೀಸಿಗೆ ನುಗ್ಗಿದ.

ಹೊರಗೆ ಬ್ಯಾಗು ಕೈಯಿಂದ ಕೈಗೆ ಹೋಗುತ್ತಿದ್ದಾಗಲೇ ಹಿಂಬಾಗಿಲಿಂದ ಬಂದು, ಚುನಾವಣಾಧಿಕಾರಿಯ ಎದುರಿನ ಕುರ್ಚಿಯಲ್ಲಿ ಸುಧಾ ಕೂತಿದ್ದಳು. ರೇಷ್ಮೆ ಸೀರೆ ಉಟ್ಟಿದ್ದಳು, ಮುಂದೆ ಅವಳ ಹೆಸರಿನ ನಾಮಪತ್ರವಿತ್ತು. ಬೆನ್ನಿಗೆ ಹಾಲು ಹಾಕುವ ಹೆಂಗಸರೆಲ್ಲ ಗೋಡೆಯ ಹಾಗೆ ನಿಂತಿದ್ದರು.

"ಸುಧಾ, ಅದು... ಬ್ಯಾಗಿನ್ ವಿಷ್ಯ..."

"ಗೊತ್ತು ಕಣ್ರೀ. ತಂದ ವಾರಕ್ಕೇ ಗೊತ್ತಾಯ್ತು. ಆ ಅಕ್ಷರ ಉದ್ರೋಯ್ತು, ಗಮ್ ಹಾಕಿ ಅಂಟಿಸ್ದೆ. ಕೇಳ್ದೋರ್ಗೆಲ್ಲ ಒರಿಜಿನಲ್ ಅಂದೆ. ಗಂಡ ಸುಳ್ಳ ಅಂತ ಊರೋರ್ ಬಾಯಲ್ಲಿ ಬರ್ಬಾರ್ದು ಅಂತ."

ಉಮಾಶಂಕರನಿಗೆ ನಿಜವಾಗಿಯೂ ನಾಚಿಕೆಯಾಯಿತು. "ನಂಗೊಂದ್ ಮಾತು ಹೇಳ್ಬಾರ್ದಾಗಿತ್ತಾ?"

"ನೀವ್ ಹೇಳ್ತೀರ ಅಂತ ಕಾದೆ. ಇವತ್ ಬೆಳಗ್ಗೆ ಕೊಟ್ಟಿಗೇಲೂ ಕಾದೆ. 'ಸುಧಾ, ಹಿಂಗಾಗ್ಬುಟ್ಟದೆ' ಅಂದಿದ್ರೆ ನಾನೇ ಬಂದು ಎಲ್ರಿಗೂ ನಿಜ ಹೇಳ್ತಿದ್ದೆ. ನೀವು ಬೀರು ಮೀಟಿದ್ರಿ."

"ಅದಕ್ಕೆ ನನ್ನೆದ್ರುಗೇ ನಿಂತ್ಕಂತೀಯಾ?"

"ಒಂದ್ ವರ್ಷ ನಿಮ್ ಸುಳ್ಳನ್ನ ಒಬ್ರಿಗೂ ಗೊತ್ತಾಗ್ದಂಗೆ ನಡೆಸ್ದೆ. ನಿಮ್ಗೆ ಒಂದು ಬೆಳಗ್ಗೆ ನಿಜ ನಡೆಸಕ್ಕಾಗ್ಲಿಲ್ಲ. ಡೇರಿ ಯಾರ್ ನಡೆಸ್ಬೇಕು, ನೀವೇ ಹೇಳಿ."

ಉಮಾಶಂಕರ ಆಸರೆಗಾಗಿ ಸುತ್ತ ನೋಡಿದ. ಬಾಗಿಲಲ್ಲಿ ಲಿಂಗಣ್ಣ ಕೈ ಮುಗಿದುಕೊಂಡು ನಿಂತಿದ್ದ. "ಸುಧಕ್ಕನ್ ಎದ್ರುಗೆ ನಾನ್ ನಿಲ್ಲಕಿಲ್ಲ ಕಣಪ್ಪ. ನಮ್ಮನೇಳೂ ಆ ಕಡೆನೇ ನಿಂತವ್ಳೆ, ನೋಡು."

ಕರಿಯಯ್ಯ ಒಳಗೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. "ನೀನ್ ನಿಂತ್ಕಳ್ಲಾ, ಬ್ಯಾಡ ಅನ್ನಕಿಲ್ಲ. ಎಂಡ್ತಿಗ್ ಯಾಕ್ ಓಟ್ ಹಾಕ್ಬಾರ್ದು ಅಂತ ಊರ್ಗೆ ಯೋಳಕ್ಕೆ ಒಂದ್ ಕಾರಣ ಮಾತ್ರ ಉಡಿಕ್ಕೊ."

ಎಷ್ಟು ಹುಡುಕಿದರೂ ಕಾರಣ ಸಿಗಲಿಲ್ಲ. ಅಷ್ಟರಲ್ಲಿ ಚುನಾವಣಾಧಿಕಾರಿ ಕನ್ನಡಕ ಏರಿಸಿ, "ಮೇಡಂ, ಸೂಚಕರ ಸಹಿ ಒಂದು ಬಾಕಿ ಇದೆ. ನಿಮ್ಮ ಹೆಸರು ಸೂಚಿಸೋರು ಯಾರು?" ಅಂದರು. ಸುಧಾ ಪೆನ್ನನ್ನು ಗಂಡನ ಕಡೆ ಚಾಚಿದಳು. ಕಿಟಕಿಯ ಸರಳಿಗೆಲ್ಲ ಊರಿನವರ ಮುಖ ಅಂಟಿಕೊಂಡಿತ್ತು. ಉಮಾಶಂಕರ ಸಹಿ ಹಾಕಿದ.

ಹೊರಗೆ ಬಂದವನು ಡೇರಿಯ ಜಗಲಿಯ ಮೇಲೆ ನಿಂತು ಎದೆ ಸೆಟೆಸಿದ. ಸೋತ ಮುಖ ತೋರಿಸಿ ಅವನಿಗೆ ರೂಢಿಯಿರಲಿಲ್ಲ.

"ಕೇಳ್ರಪ್ಪಾ, ಮೊದ್ಲಿಂದಾನೂ ಇದೇ ನನ್ ಪ್ಲಾನು. ಎಂಗಸ್ರು ಮುಂದುಕ್ ಬರ್ಬೇಕು ಅಂತ ಸುಧಾನ ನಾನೇ ನಿಲ್ಸಿದ್ದು!"

ಜನ ಮುಖಮುಖ ನೋಡಿಕೊಂಡರು. ಸಿದ್ದಲಿಂಗಮ್ಮ ಬಾಗಿಲಲ್ಲಿ ಇಣುಕಿ, ಒಳಗಿದ್ದ ಸುಧಾಳನ್ನು "ನಿಜಾನೇನವ್ವಾ?" ಅಂತ ಕೇಳಿಯೇ ಬಿಟ್ಟಳು.

"ಊಂ ಕಣತ್ತೆ" ಅಂದಳು ಸುಧಾ, ಮುಖದ ಒಂದು ಗೆರೆಯೂ ಅಲುಗದಂತೆ. "ಎಲ್ಲಾ ಅವ್ರದೇ ಪ್ಲಾನು."

ಊರು ನಂಬಿತು.