ಮಾವ, ನಲ್ಲಿ ಮತ್ತು ಕಾಣದ ಕಬ್ಬಿಣ

ನಮ್ಮ ಸೋದರಮಾವ ಹುಟ್ಟಿದ ಕೂಡಲೇ ಎಲ್ಲ ಮಕ್ಕಳಂತೆ ಅತ್ತಿರಲಾರರು. ಸೂಲಗಿತ್ತಿಯನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ಲೈಸೆನ್ಸ್ ಇದೆಯೇನಮ್ಮ?" ಎಂದು ಕೇಳಿರಬೇಕು!

ಅವರು ಅಂಗಡಿಗಳ ತಕ್ಕಡಿ, ತೂಕದ ಬಟ್ಟುಗಳನ್ನು ಪರೀಕ್ಷಿಸುವ ಇನ್‌ಸ್ಪೆಕ್ಟರ್ ಆಗಿದ್ದವರು. ನಿವೃತ್ತಿಯಾದದ್ದು ಕೆಲಸಕ್ಕೆ ಮಾತ್ರ, ಅನುಮಾನಕ್ಕಲ್ಲ. ತ್ಯಾಗರಾಜನಗರದಲ್ಲಿ ನನ್ನ ತಂಗಿಯ ನಿಶ್ಚಿತಾರ್ಥವಾದಾಗ, ಗಂಡಿನ ಕಡೆಯವರು ತಂದ ಮೈಸೂರುಪಾಕಿನ ಡಬ್ಬವನ್ನು ಅಡುಗೆಮನೆಗೆ ಒಯ್ದು ತೂಗಿದರು. "ರಟ್ಟಿನ ತೂಕಾನೂ ಸೇರಿಸಿದ್ದಾರೆ. ಈ ಸಂಬಂಧ ಸ್ವಲ್ಪ ಯೋಚನೆ ಮಾಡ್ಬೇಕು" ಎಂದು ಪಿಸುಗುಟ್ಟಿದರು. ಅತ್ತೆ ಅಷ್ಟೇ ಮೆಲ್ಲಗೆ, "ನಮ್ಮ ಮದುವೇಲಿ ನನ್ನನ್ನ ಒಡವೆ ಬಿಚ್ಚಿಸಿ ತೂಗಿದ್ರಾ?" ಎಂದರು. ಮಾವ ಡಬ್ಬ ಮುಚ್ಚಿದರು.

ಇಂಥವರು ಒಂದು ಬೆಳಿಗ್ಗೆ ಫೋನ್ ಮಾಡಿ, "ಬೋರ್ ನೀರು ಗ್ಯಾರೇಜ್ ವಾಸನೆ ಹೊಡೀತಿದೆ ಕಣೋ" ಎಂದರೆ ಯಾರು ನಂಬುತ್ತಾರೆ? ಹಾಲು, ಗ್ಯಾಸ್ ಸಿಲಿಂಡರು, ಪಂಚಾಂಗ... ಅವರು ಅನುಮಾನಿಸದೆ ಬಿಟ್ಟದ್ದು ಯಾವುದು ಸ್ವಾಮಿ? "ಮೊದ್ಲು ಡಾಕ್ಟರಿಗೆ ಮೂಗು ತೋರಿಸ್ಕೊಳ್ಳಿ ಮಾವ" ಎಂದು ನಕ್ಕುಬಿಟ್ಟೆ. ತಪ್ಪು ನನ್ನದೇ. ಜೆ.ಪಿ. ನಗರದ ಅವರ ಮನೆಯ ಪಕ್ಕದಲ್ಲಿ ಮೊದಲು ನಿಜವಾಗಿಯೂ ಒಂದು ಗ್ಯಾರೇಜ್ ಇತ್ತು. ಹಳೆಯ ಆಯಿಲ್, ಎಂಜಿನ್ ತೊಳೆದ ಕೊಳೆ ಎಲ್ಲವೂ ವರ್ಷಗಟ್ಟಲೆ ಹಿತ್ತಲಿನ ಗುಂಡಿಯಲ್ಲಿ ಇಂಗಿ ಇಂಗಿ ಮಾವನ ಬೋರ್‌ವೆಲ್ ಸೇರಿತ್ತು.

ಮನೆಯವರು ಕುಡಿಯುತ್ತಿದ್ದದ್ದು ಕಾವೇರಿ ನೀರು. ಆದರೆ ಬೋರ್‌ವೆಲ್ಲಿನ ಒಂದು ನಲ್ಲಿ ಬೀದಿಯವರಿಗೆಂದು ಕಾಂಪೌಂಡಿನ ಹೊರಗಿತ್ತು. ಎದುರಿನ ಮರದಡಿ ಇಸ್ತ್ರಿ ಗಾಡಿ ಇಟ್ಟುಕೊಂಡಿರುವ ಮಂಜುಳಮ್ಮ ಇಪ್ಪತ್ತು ವರ್ಷದಿಂದ ಬಿಂದಿಗೆ ತುಂಬಿಸಿಕೊಳ್ಳುತ್ತಿದ್ದದ್ದು ಅಲ್ಲೇ. ಮಾವ ಏನು ಮಾಡಿದರು? ಯಾರಿಗೂ ಒಂದು ಮಾತು ಹೇಳದೆ ನಲ್ಲಿಗೆ ತಗಡಿನ ಡಬ್ಬ ತೊಡಿಸಿ ಬೀಗ ಜಡಿದರು!

"ಯಾಕೆ ಅಂತ ಹೇಳಬಾರದಿತ್ತಾ ಮಾವ?"

"ಇನ್‌ಸ್ಪೆಕ್ಟರ್ ಆದವನು ಮೊದ್ಲು ಸೀಲ್ ಮಾಡ್ತಾನೆ. ಕಾರಣ ಎಲ್ಲಾ ರಿಪೋರ್ಟ್ ಬಂದ್ಮೇಲೆ."

ಮೂರನೆಯ ದಿನ ಮಂಜುಳಮ್ಮ ಹೂ ಮಾರುವವಳ ಹತ್ತಿರ ಆಡಿದ ಮಾತು ಅತ್ತೆಯ ಕಿವಿಗೆ ಬಿತ್ತು: "ದೊಡ್ಡ ಜನ ಕಣಕ್ಕ. ನಾವು ಮುಟ್ಟಿದ್ದು ಈಗ ಮೈಲಿಗೆ ಆಯ್ತೇನೋ." ಅತ್ತೆ ಅದನ್ನು ಹೇಳಿದಾಗ ಮಾವ ಅರ್ಧ ಊಟಕ್ಕೇ ಎದ್ದು ಕೈತೊಳೆದರು. ಅಂದಿನಿಂದ ಅವರಿಗೆ ಒಂದೇ ಹಟ: ಆ ನಲ್ಲಿಯಲ್ಲಿ ಮತ್ತೆ ಒಳ್ಳೆಯ ನೀರು ಬರಬೇಕು. ರಿಪೋರ್ಟ್ ಕೈಗೆ ಬರುವ ತನಕ ಅವಳಿಗೆ ಯಾರೂ ಏನೂ ಹೇಳಕೂಡದೆಂದು ನಮ್ಮ ಬಾಯಿಗೂ ಬೀಗ ಹಾಕಿದರು.

ಅತ್ತೆಯ ಪರಿಚಯದವರ ಮೂಲಕ ಕಾಲೇಜೊಂದರ ಸಂಶೋಧಕಿ ಬಂದರು. ಅವರು ಬಿಡಿಸಿ ಹೇಳಿದ್ದಿಷ್ಟು: ಅಂಟುವಾಳಕಾಯಿಯ ರಸವನ್ನು ನೆಲದೊಳಗೆ ಬಿಟ್ಟರೆ ಮಣ್ಣಿಗೆ ಮೆತ್ತಿದ ಎಣ್ಣೆ ಸಡಿಲವಾಗುತ್ತದೆ. ಜೊತೆಗೆ ಹೋಗುವ ಕಬ್ಬಿಣದ ನ್ಯಾನೊ ಕಣಗಳು ಎಂಜಿನ್ ತೊಳೆಯುವ ರಾಸಾಯನಿಕವನ್ನು ಒಡೆಯುತ್ತವೆ. ಆಮೇಲೆ ಕೊಳೆನೀರನ್ನು ಪಂಪ್ ಮಾಡಿ, ಪೀಪಾಯಿಗೆ ತುಂಬಿ ಸಾಗಿಸಬೇಕು.

"ಕಣ ಅಂದ್ರೆ ಎಷ್ಟಿರತ್ತೆ?" ಮಾವನ ವಿಚಾರಣೆ ಶುರುವಾಯಿತು.

"ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲು ಅಂದ್ಕೊಳ್ಳಿ ಸಾರ್."

"ಕಣ್ಣಿಗೆ ಕಾಣಲ್ಲ?"

"ಇಲ್ಲ ಸಾರ್."

"ಒಂದೊಂದೇ ತೂಗೋಕೂ ಆಗಲ್ಲ?"

"ಆಗಲ್ಲ ಸಾರ್."

ಮಾವ ನನ್ನ ಕಡೆ ತಿರುಗಿ, "ಇಡೀ ಸರ್ವೀಸಲ್ಲಿ ಇಂಥಾ ಅಂಗಡಿ ನೋಡಿರ್ಲಿಲ್ಲ ಕಣೋ!" ಎಂದರು.

ಆಕೆ ಸ್ಯಾಂಪಲ್ಲೆಂದು ಕಣ ಬೆರೆಸಿದ ಒಂದು ಬಾಟಲಿ ನೀರು ಬಿಟ್ಟುಹೋದದ್ದೇ ತಪ್ಪಾಯಿತು. ಮಾವ ಅದನ್ನು ಅತ್ತೆಯ ಕಾಫಿ ಫಿಲ್ಟರಿಗೆ ಸುರಿದರು! ಕರಿನೀರು ಹಾಗೇ ಕೆಳಗಿಳಿಯಿತು. "ನೋಡು, ಒಂದು ಚೂರು ಕಬ್ಬಿಣ ನಿಂತಿದೆಯಾ? ಬರೀ ಬಣ್ಣದ ನೀರು!" ಸಂಶೋಧಕಿ ಮಾರನೆಯ ದಿನ ಬಂದು, ಆ ಕರಿನೀರನ್ನು ಲೋಟಕ್ಕೆ ಬಗ್ಗಿಸಿ ಪಕ್ಕದಲ್ಲಿ ಅಯಸ್ಕಾಂತ ಹಿಡಿದರು. ನೋಡನೋಡುತ್ತ ಕಪ್ಪೆಲ್ಲ ಒಂದೇ ಬದಿಗೆ ಸರಿಯಿತು. ಮಾವ ಬಾಯಿ ಮುಚ್ಚಿದರು, ಅತ್ತೆ ತೆರೆದರು. ಹೊಸ ಫಿಲ್ಟರ್ ಬರುವ ತನಕ ಮಾವನಿಗೆ ಆ ಮನೆಯಲ್ಲಿ ಕಾಫಿಯಿಲ್ಲ!

ಅಲ್ಲಿಗೆ ಮುಗಿಯಿತೆ? "ಅಂಟುವಾಳ ಅಂತ ಹೇಳಿ ಶಾಂಪೂ ಸುರಿದ್ರೆ?" ತಾವೇ ಗಾಂಧಿಬಜಾರಿನಿಂದ ಕಾಯಿ ತಂದರು, ಬೀಜ ಬಿಡಿಸಿದರು, ನೆನೆಹಾಕಿ ಕಿವುಚಿದರು. ಸಂಶೋಧಕಿ ಅದನ್ನು ಪರೀಕ್ಷಿಸಿ, "ನಮ್ಮದಕ್ಕಿಂತ ಚೆನ್ನಾಗಿದೆ ಸಾರ್" ಎಂದಾಗ ಮಾವ ಆಕೆಯನ್ನು ಮತ್ತಷ್ಟು ಅನುಮಾನದಿಂದ ನೋಡಿದರು. ಪಂಪ್ ಮಾಡಿದ ದಿನ ಪೀಪಾಯಿಯ ಬಾಯಿಯವರೆಗೆ ನೊರೆಯೇ ನೊರೆ. ಪಕ್ಕದ ಮನೆಯವರು ಮಹಡಿಯಿಂದ ಬಗ್ಗಿ, "ಏನ್ ಸಾರ್, ಟಿವೀಲಿ ತೋರಿಸೋ ಕೆರೆ ನೊರೆ ನಮ್ಮ ರೋಡಿಗೂ ಬಂತಾ? ಟಿವಿಯವ್ರಿಗೆ ಹೇಳ್ಲಾ?" ಎಂದು ಕೂಗಿದರು.

ಹೀಗೇ ತಿಂಗಳುಗಳು ಕಳೆದವು. ಕೊನೆಗೆ ನೀರನ್ನು ಪರೀಕ್ಷೆಗೆ ಕಳಿಸುವಾಗ ಲ್ಯಾಬಿನ ಮೇಲೂ ಅನುಮಾನ ಬೇಡವೆ? ಮಾವ ಒಂದು ಬಾಟಲಿಗೆ ಬೇಕೆಂದೇ ಸೀಮೆಎಣ್ಣೆ ಬೆರೆಸಿ ಕೊಟ್ಟರು. ಸಂಜೆಯೇ ಫೋನ್ ಬಂತು: "ಸಾರ್, ನೀವು ಕಳಿಸಿರೋದು ನೀರೋ, ಸ್ಟೌವೋ?" ಮಾವನಿಗೆ ಆ ಲ್ಯಾಬಿನ ಮೇಲೆ ನಂಬಿಕೆ ಬಂದದ್ದು ಆಗಲೇ. ಆದರೂ ಮತ್ತೆರಡು ಕಡೆ ಕೊಟ್ಟರು. ಮೂರೂ ಕಡೆಯಿಂದ ಒಂದೇ ಉತ್ತರ ಬಂತು: ಕುಡಿಯಬಹುದು.

ಮಾವ ಬೀಗ ತೆಗೆದರು. ಒಂದು ದಿನವಾಯಿತು, ಎರಡು ದಿನವಾಯಿತು. ಮಂಜುಳಮ್ಮ ಬರಲಿಲ್ಲ. ಎರಡು ಬೀದಿ ಆಚೆಯಿಂದಲೇ ಬಿಂದಿಗೆ ಹೊತ್ತು ತರುತ್ತಿದ್ದಳು. ಮೂರನೆಯ ದಿನ ಮಾವ ರಿಪೋರ್ಟುಗಳನ್ನೆಲ್ಲ ಹಿಡಿದುಕೊಂಡು ಗಾಡಿಯ ಮುಂದೆ ನಿಂತರು. ನಾನೂ ಜೊತೆಗಿದ್ದೆ.

"ನಿಮ್ಮನ್ನ ದೂರ ಇಡೋಕೆ ಬೀಗ ಹಾಕಿದ್ದಲ್ಲಮ್ಮ. ನೀರು ಕೆಟ್ಟಿತ್ತು. ನೀವು ದಿನಾ ಅದೇ ಕುಡೀತಿದ್ರಿ, ನಂಗೆ ಭಯ ಆಯ್ತು. ನೋಡಿ, ಎಲ್ಲಾ ಇದ್ರಲ್ಲಿ ಬರೆದಿದ್ದಾರೆ."

ಮಂಜುಳಮ್ಮ ಕಾಗದಗಳ ಕಡೆ ನೋಡಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು.

"ಅವತ್ತೇ ಬಂದು ಇಷ್ಟು ಹೇಳಬಾರದಿತ್ತಾ ಸಾರ್?"

"ರಿಪೋರ್ಟ್ ಇಲ್ದೆ ನಾನು ಹೇಳಿದ್ರೆ ಯಾರು ನಂಬ್ತಾರಮ್ಮ? ಮನೆಯವರೇ ನಂಬ್ಲಿಲ್ಲ."

"ನಾನು ನಂಬ್ತಿದ್ದೆ ಸಾರ್."

ಮಂಜುಳಮ್ಮ ಖಾಲಿ ಬಿಂದಿಗೆ ಎತ್ತಿಕೊಂಡು ನಲ್ಲಿಯ ಕಡೆ ನಡೆದಳು. ಮಾವ ನಡುಬೀದಿಯಲ್ಲಿ ಮಗುವಿನಂತೆ ಅಳುತ್ತ ನಿಂತಿದ್ದರು. ಅವರ ಫೋನಿಗೆ ಅಂದು ನಕ್ಕಿದ್ದ ನಾನು ಅವರ ಕೈ ಹಿಡಿದುಕೊಂಡೆ.