ಅಜ್ಜಿಯ ಕಿಟಕಿ ಸೀಟೂ ನನ್ನ ಟವಲ್ಲೂ

ಬಸ್ಸಿನಲ್ಲಿ ಓಡಾಡುವವನು ಕಥೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಫುಟ್‌ಬೋರ್ಡಿನ ಮೇಲೆ ಕಾಲಿಟ್ಟರೆ ಸಾಕು, ಕಥೆಯೇ ಬಂದು ತೊಡೆಯ ಮೇಲೆ ಕೂರುತ್ತೆ. ಹಿರೇನಲ್ಲೂರು ಕಡೆಯ ನಮ್ಮೂರಿಂದ ಬೀರೂರಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ತರೀಕೆರೆಯಲ್ಲಿ ಎರಡು ವರ್ಷ ಐಟಿಐ ಓದಿದವನು ನಾನು. ಓದಿದ್ದೆಷ್ಟು ಅಂತ ಕೇಳಬೇಡಿ. ಆದರೆ ಸೀಟು ಹಿಡಿಯೋದರಲ್ಲಿ ನನ್ನ ಸಮಕ್ಕೆ ನಿಲ್ಲೋ ಗಂಡು ಕಡೂರು ತಾಲ್ಲೂಕಿನಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಸುಮ್ಮನೆ ಹೇಳ್ತಿಲ್ಲ, ಯಾವ ಕಂಡಕ್ಟರನ್ನಾದರೂ ಕೇಳಿ.

ಈಗ ಊರಲ್ಲಿ ನನ್ನದೇ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಅಂಗಡಿ ಮುಂದೆ ಬೈಕ್ ನಿಂತಿದೆ. ಆದರೂ ಬೀರೂರು ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಸ್ಸೊಂದು ಧೂಳೆಬ್ಬಿಸಿಕೊಂಡು ತಿರುಗಿದರೆ, ನನ್ನ ಕೈ ತಾನಾಗೇ ಹೆಗಲ ಮೇಲಿನ ಟವಲ್ಲಿಗೆ ಹೋಗುತ್ತೆ.

ಟವಲ್ಲು ಕೂತವು, ಜನ ನಿಂತರು

ನಮ್ಮ ಕಡೆ ಬಸ್ಸಿಗೆ ಒಂದು ಕಾನೂನಿತ್ತು. ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವಾಗಲೇ ಅದರ ಪಕ್ಕದಲ್ಲಿ ಓಡಿ, ಕಿಟಕಿಯಿಂದ ಸೀಟಿನ ಮೇಲೆ ಟವಲ್ಲು ಎಸೆಯಬೇಕು. ಟವಲ್ಲು ಯಾರದೋ, ಸೀಟು ಅವರದು. ಪಹಣಿಯಲ್ಲಿ ಹೆಸರು ಬಿದ್ದ ಹಾಗೆ. ಆಮೇಲೆ ಅಮಲ್ದಾರರೇ ಬಂದರೂ ಎತ್ತುವ ಹಾಗಿಲ್ಲ.

ನನ್ನ ಜೊತೆ ಓದುತ್ತಿದ್ದ ನಾಲ್ವರು ತಮ್ಮ ಟವಲ್ಲನ್ನೂ ನನ್ನ ಕೈಗೇ ಕೊಟ್ಟು ನಿಶ್ಚಿಂತೆಯಾಗಿ ನಿಲ್ಲುತ್ತಿದ್ದರು. ಒಂದು ಬೆಳಿಗ್ಗೆ ಬೀರೂರಿನಲ್ಲಿ, ಒಂದೇ ಓಟದಲ್ಲಿ, ಐದು ಕಿಟಕಿಗೆ ಐದು ಟವಲ್ಲು ಹಾಕಿದೆ. ಸ್ಟ್ಯಾಂಡೇ ತಿರುಗಿ ನೋಡಿತು. ಆ ಖುಷಿಗೆ, “ಸೀಟು ಎಲ್ಲಿಗೂ ಹೋಗಲ್ಲ, ಬನ್ರೋ ಟೀ ಕುಡಿಯೋಣ” ಅಂತ ಎಲ್ಲರನ್ನೂ ಕರೆದುಕೊಂಡು ಹೋದೆ. ಸೀಟು ಎಲ್ಲಿಗೂ ಹೋಗಲಿಲ್ಲ, ನಿಜ. ಬಸ್ಸು ಹೋಯ್ತು.

ಮಾರನೇ ದಿನ ಅದೇ ಕಂಡಕ್ಟರು ಚೀಲದಿಂದ ಐದೂ ಟವಲ್ಲು ತೆಗೆದು ಮೇಲೆತ್ತಿ ಹಿಡಿದರು. “ಯಾರಪ್ಪಾ ಇವುಗಳ ಯಜಮಾನ?”

“ನಾನೇ ಸಾರ್.”

“ತರೀಕೆರೆ ತನಕ ಆರಾಮಾಗಿ ಕೂತ್ಕೊಂಡು ಬಂದ್ವು ಕಣಯ್ಯ. ಬಸ್ ತುಂಬ ಜನ ನಿಂತಿದ್ರು. ‘ಯಾರೋ ಬತ್ತಾರೆ ಬಿಡಿ, ಪಾಪ’ ಅಂತ ಒಬ್ರಿಗೊಬ್ರು ಹೇಳ್ಕೊಂಡು ನಿಂತೇ ಬಂದ್ರು, ಒಬ್ಬನೂ ಮುಟ್ಲಿಲ್ಲ. ಕೊನೇಗೆ ಒಬ್ಬ ಮುದುಕಪ್ಪ ನನ್ನ ಹತ್ರ ಬಂದು ಮೆಲ್ಲಗೆ ಕೇಳ್ದ, ‘ಸ್ವಾಮಿ, ಇವು ಎಲ್ಲಿ ಇಳೀತವೆ?’”

ಸೊಂಟಗಳ ರಸ್ತೆ

ಇದು ನಾನು ಅಂಗಡಿ ಹಾಕಿದ ಮೇಲಿನ ಮಾತು. ತರೀಕೆರೆಯಲ್ಲಿ ನನ್ನ ಸೋದರತ್ತೆ ಮನೆ. ಮಗಳನ್ನು ನೋಡೋಕೆ ಅಜ್ಜಿ ಮೊದಲು ಹಬ್ಬಕ್ಕೊಮ್ಮೆ ಹೋಗುತ್ತಿದ್ದಳು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ ಅಂತಾದ ಮೇಲೆ ವಾರಕ್ಕೊಮ್ಮೆ. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್. ಒಂದು ಸಂಜೆ ಬಂದವಳೇ ಜಗಲಿ ಮೇಲೆ ಕಾಲು ಚಾಚಿ, “ಇವತ್ತೂ ಕಾಣ್ಲಿಲ್ಲ ಕಣೋ” ಅಂದಳು.

“ಏನಜ್ಜಿ?”

“ನಮ್ಮೂರ ಹುಣಸೇಮರ.”

ಅಜ್ಜಿಯ ತೌರೂರು ಬೀರೂರಿಗೂ ತರೀಕೆರೆಗೂ ನಡುವೆ, ರಸ್ತೆಯ ಪಕ್ಕದಲ್ಲೇ ಇದೆ. ಅವಳ ಅಣ್ಣತಮ್ಮಂದಿರು ಯಾವಾಗಲೋ ಹೊಲ ಮಾರಿ ಬೇರೆ ಕಡೆ ಹೋದರು. ಅವಳದು ಅಂತ ಅಲ್ಲಿ ಉಳಿದಿರೋದು ಊರ ಮುಂದಿನ ಆ ಮರವೊಂದೇ. ಮದುವೆಯಾದ ಮಾರನೇ ದಿನ ಅದರ ಕೆಳಗೇ ನಿಂತು ಗಂಡನ ಮನೆಗೆ ಬಸ್ಸು ಹತ್ತಿದವಳು ಅವಳು.

“ಕಿಟಕಿಯಿಂದ ನೋಡ್ಬೇಕಿತ್ತು.”

“ಯಾವ ಕಿಟಕೀಲಿ? ನಿಂತೋರ ನಡುವೆ ಮುದುರ್ಕೊಂಡು ಕೂತಿರ್ತೀನಿ. ಮೂವತ್ತು ವರ್ಷದಿಂದ ಆ ರಸ್ತೇಲಿ ನಾನು ಕಂಡಿರೋದು ಬರೀ ಜನರ ಸೊಂಟ.”

“ಇಳಿದು ನೋಡ್ಕೊಂಡು ಬರೋಣ ಬಾ, ಅದಕ್ಕೇನು?”

“ಕರೆಯೋರಿಲ್ಲದ ತೌರಿಗೆ ಹೆಂಗೋ ಇಳಿಯೋದು? ‘ಯಾರ ಮನೆಗೆ ಬಂದ್ಯವ್ವಾ’ ಅಂದ್ರೆ ಏನು ಹೇಳ್ಲಿ? ಮರದ ಮನೆಗೆ ಅನ್ಲಾ?”

ಹೆಗಲ ಮೇಲಿನ ಟವಲ್ಲು ಎಳೆದು ಕೈಯಲ್ಲಿ ಹಿಡಿದೆ. ಇಡೀ ಬೀದಿಗೆ ಕೇಳೋ ಹಾಗೆ ಶಪಥ ಮಾಡಿದೆ: “ಮುಂದಿನ ವಾರ ನಿಂಗೆ ಬಲಗಡೆ ಕಿಟಕಿ ಸೀಟು. ಹಿಡಿದುಕೊಡ್ಲಿಲ್ಲ ಅಂದ್ರೆ ಈ ಟವಲ್ಲು ಮತ್ತೆ ಹೆಗಲ ಮೇಲೆ ಹಾಕಲ್ಲ!”

ಅಜ್ಜಿ ಟವಲ್ಲನ್ನು ಮೂಗಿನ ಹತ್ತಿರ ಹಿಡಿದು ನೋಡಿ ಹೇಳಿದಳು, “ಮೊದ್ಲು ಇದನ್ನ ಒಗಿಯೋ.”

ಸೊಪ್ಪಿನಕ್ಕ

ಒಗೆದೆ. ಮುಂದಿನ ವಾರ ಬೀರೂರಿನಲ್ಲಿ ಬಸ್ಸು ತಿರುಗುವಾಗ ಓಡಿದೆ, ಎಸೆದೆ. ಬಲಗಡೆ ಮೂರನೇ ಕಿಟಕಿ, ಸೀಟಿನ ನಟ್ಟನಡುವೆ ಬಿತ್ತು. ಮೀಸೆ ತಿರುವಿಕೊಂಡು, ಅಜ್ಜಿಯ ಕೈ ಹಿಡಿದು, ಜನರನ್ನು ಸರಿಸುತ್ತಾ ಒಳಗೆ ಹೋದರೆ, ಅಲ್ಲಿ ಒಬ್ಬ ಹೆಂಗಸು ಕೂತಿದ್ದಾಳೆ. ದಿನಾ ತರೀಕೆರೆಗೆ ಸೊಪ್ಪು ಮಾರೋಕೆ ಹೋಗುವ ಅಕ್ಕ. ಕಾಲ ಬುಡದಲ್ಲಿ ಸೊಪ್ಪಿನ ಗಂಟು, ಕೈಯಲ್ಲಿ ನನ್ನ ಟವಲ್ಲು.

“ಅಕ್ಕಾ, ಅದು ನಾನು ಹಾಕಿದ್ದು.”

“ನಿಂದಾ? ಯಾರೋ ಪುಣ್ಯಾತ್ಮ ಸೀಟು ಒರೆಸ್ಕೊಳ್ಳಿ ಅಂತ ಇಟ್ಟವ್ನೆ ಅನ್ಕೊಂಡೆ.” ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟಳು. “ತಗೊಳಪ್ಪ. ಚೆನ್ನಾಗಿ ಒರೆಸ್ತು.”

“ಟವಲ್ ಹಾಕಿದ್ರೆ ಸೀಟು ಹಿಡ್ದಂಗೆ ಅಕ್ಕಾ!”

“ಅದು ಗಂಡಸ್ರು ಮಾಡ್ಕೊಂಡಿರೋ ಕಾನೂನು. ನಾವು ಸೈನ್ ಹಾಕಿಲ್ಲ.”

ಬಸ್ಸಿನ ಹೆಂಗಸರೆಲ್ಲ ಹೋ ಅಂತ ನಕ್ಕರು. ಸಹಾಯಕ್ಕೆ ಅಜ್ಜಿಯ ಕಡೆ ತಿರುಗಿದರೆ, ಅವಳಾಗಲೇ ಸೊಪ್ಪಿನಕ್ಕನ ಪಕ್ಕ, ಈಚೆ ತುದಿಯಲ್ಲಿ ಕೂತು ದಂಟಿನ ಸೊಪ್ಪಿನ ರೇಟು ವಿಚಾರಿಸುತ್ತಿದ್ದಳು. ಮರ ಬಂತು, ಹೋಯ್ತು, ನಡುವೆ ಸೊಂಟಗಳಿದ್ದವು. ಇಳಿಯುವಾಗ ಅಜ್ಜಿ ಹೇಳಿದ್ದಿಷ್ಟೇ: “ನೋಡ್ದಾ? ನಾನು ಒಗಿ ಅಂದಿದ್ದಕ್ಕೆ ಆ ಹೆಣ್ಣುಮಗಳ ಸೀರೆ ಉಳೀತು.”

ಎರಡು ಚಕ್ರದ ಉಪಾಯ

ಬಸ್ಸಿನ ಗೊಡವೆಯೇ ಬೇಡ ಅಂತ ಮರುವಾರ ಬೈಕ್ ತೆಗೆದೆ. ಅಜ್ಜಿಯದು ಒಂದೇ ಷರತ್ತು: ತೌರೂರ ಮುಂದೆ ನಿಲ್ಲಿಸಬಾರದು. ಸರಿ ಅಂದೆ. ಸೀರೆಯುಟ್ಟವರು ಕೂರೋ ಹಾಗೆ ಎರಡೂ ಕಾಲು ಎಡಗಡೆ ಇಳಿಬಿಟ್ಟು ಕೂತಳು. ಮರದ ಹತ್ತಿರ ಬಂದಾಗ ಹಾರನ್ ಹೊಡೆದು ಕೂಗಿದೆ, “ಅಜ್ಜೀ, ನಿಮ್ಮೂರು! ನೋಡು!”

“ಎಲ್ಲೋ?”

“ಬಲಕ್ಕೆ!”

“ಬಲಗಡೆ ನನ್ನ ಬೆನ್ನೈತೆ ಕಣೋ! ತಿರುಗಿದ್ರೆ ನಾನೂ ಹಳ್ಳಕ್ಕೆ, ನೀನೂ ಹಳ್ಳಕ್ಕೆ!”

ನಾನೇನು ದಡ್ಡನಾ? ಮುಂದೆ ಹೋಗಿ ಬೈಕ್ ತಿರುಗಿಸಿಕೊಂಡು ಬಂದೆ. ಈಗ ಮರ ಎಡಕ್ಕೆ, ಅಜ್ಜಿಯ ಮೂಗಿನ ನೇರಕ್ಕೆ. ಎತ್ತಿನಗಾಡಿಗಿಂತ ನಿಧಾನವಾಗಿ ಮರ ದಾಟಿಸಿದೆ. ಹಿಂದಿನಿಂದ ಮಾತೇ ಇಲ್ಲ. ಕಣ್ಣೀರು ಹಾಕ್ತಿರಬೇಕು ಅಂದುಕೊಂಡೆ. ಹೀಗೇ ಸ್ವಲ್ಪ ಹೊತ್ತು ಅಳಲಿ ಅಂತ ಬೀರೂರ ತನಕ ಮಾತಾಡಿಸದೆ ಓಡಿಸಿದೆ.

“ನೋಡ್ದಾ ಅಜ್ಜಿ?”

“ಏನನ್ನ? ನೀನು ಗಾಡಿ ತಿರುಗಿಸುವಾಗ ಲಾರಿಯೋನು ಹಾರನ್ ಹೊಡೆದ್ನಲ್ಲ, ಆಗ ಮುಚ್ಚಿದ ಕಣ್ಣು ಈಗ ಬಿಟ್ಟೆ. ಇದು ಯಾವೂರು?”

ತರೀಕೆರೆಯಲ್ಲಿ ಅತ್ತೆ ಕೋಳಿಸಾರು ಮಾಡಿಕೊಂಡು ಕಾಯುತ್ತಿದ್ದಳು. ನಾವು ತಿರುಗಿ ಬೀರೂರಿಗೇ ಬಂದು ನಿಂತಿದ್ದೆವು.

ನಾನು ಟವಲ್ಲಾದದ್ದು

ಬೀರೂರು ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವ ಸಾಬರು ನನ್ನ ಓಟವನ್ನು ಐಟಿಐ ಕಾಲದಿಂದ ನೋಡಿದವರು. ನನ್ನ ಕಷ್ಟ ಕೇಳಿ ತಲೆಯಾಡಿಸಿದರು. “ಬೇಟಾ, ಟವಲ್ ಎಸೆಯೋ ಕಾಲ ಹೋಯ್ತು. ಈಗ ಮನುಷ್ಯನೇ ಹೋಗಿ ಬೀಳಬೇಕು.”

ಬಿದ್ದೆ. ಬಸ್ಸು ನಿಲ್ಲುತ್ತಿದ್ದ ಹಾಗೇ ಬಲಗಡೆ ಕಿಟಕಿಗೆ ತಲೆ ತೂರಿಸಿದೆ. ತಲೆ ಹೋಯ್ತು, ಭುಜ ಹೋಯ್ತು, ಹೊಟ್ಟೆ ನಿಂತಿತು. ಅಂಗಡಿಯಲ್ಲಿ ಕೂತು ಬೆಳೆಸಿದ ಹೊಟ್ಟೆ. ಬಾಗಿಲಿಂದ ಹತ್ತಿದ ಸೊಪ್ಪಿನಕ್ಕ, “ಅಯ್ಯೋ, ಟವಲ್ಲಿನ ಹುಡುಗ!” ಅಂತ ಓಡಿ ಬಂದು ಎರಡೂ ಕೈ ಹಿಡಿದು ಎಳೆದಳು. ಹೊರಗಿನಿಂದ ಸಾಬರು ಕಾಲು ತಳ್ಳಿದರು. ಬುಳಕ್ಕನೆ ಸೀಟಿನ ಮೇಲೆ ಬಿದ್ದೆ. ಅಂಗಿಯ ಎರಡು ಗುಂಡಿ ಹೋದವು. ಹೋಗಲಿ, ಸೀಟು ನಂದು!

ಅಜ್ಜಿಯನ್ನು ಕಿಟಕಿ ಪಕ್ಕ ರಾಣಿಯ ಹಾಗೆ ಕೂರಿಸಿದೆ. ಅವಳು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಷ್ಟಕ್ಕೆ ನಾನು ಸುಮ್ಮನಿರಬೇಕಿತ್ತು. ಆದರೆ ಗೆದ್ದವನ ಬಾಯಿ ಸುಮ್ಮನಿರುತ್ತಾ? ಟಿಕೆಟ್ ಕೊಡೋಕೆ ಬಂದ ಕಂಡಕ್ಟರಿಗೆ ಹೇಳಿದೆ, ಹಿಂದಿನ ಸೀಟಿಗೆ ಹೇಳಿದೆ, ನಿಂತವರಿಗೆಲ್ಲ ಹೇಳಿದೆ: ಮರದ ಕಥೆ, ಮೂವತ್ತು ವರ್ಷದ ಕಥೆ, ನಾನು ಕಿಟಕಿಯಿಂದ ನುಗ್ಗಿದ ಕಥೆ. ಅರ್ಧ ದಾರಿಗೆ ಬರುವಾಗ ಅಜ್ಜಿಯ ತೌರು ಇಡೀ ಬಸ್ಸಿನ ತೌರಾಗಿತ್ತು.

“ಬಂತು, ಬಂತು! ಅದೇ ಮರ!” ಕೂಗಿದವನೂ ನಾನೇ.

ಎಡಗಡೆಯವರೆಲ್ಲ ಎದ್ದು ಬಲಕ್ಕೆ ಬಂದರು. ಹಿಂದಿನವರು ಮುಂದೆ ಬಗ್ಗಿದರು, ಮುಂದಿನವರು ಹಿಂದೆ ಬಗ್ಗಿದರು. “ಎಲ್ಲಿ, ಎಲ್ಲಿ?” “ಅಗೋ, ಎಷ್ಟು ದೊಡ್ಡದೈತೆ!” “ಕಾಯಿ ಜೋರಾಗಿ ಬಿಟ್ಟೈತೆ ಕಣ್ರೀ!” ಕಂಡಕ್ಟರೂ ಅಜ್ಜಿಯ ತಲೆಯ ಮೇಲಿಂದ ಬಗ್ಗಿ ನೋಡಿದರು. ಬಸ್ಸಿನವರೆಲ್ಲ ಕಣ್ತುಂಬ ಮರ ನೋಡಿದರು. ಜನ ಅವರವರ ಜಾಗಕ್ಕೆ ಹೋದ ಮೇಲೆ, ಕೆಳಗಿನಿಂದ ಅಜ್ಜಿ ಹೊರಬಂದಳು. ಕೂದಲು ಕೆದರಿತ್ತು, ಕುಂಕುಮ ಕೆನ್ನೆಗೆ ಬಂದಿತ್ತು.

“ಕಂಡ್ತಾ ಅಜ್ಜಿ?”

“ಸೊಂಟ ಕಂಡ್ತು. ಈ ಸಲ ತೀರಾ ಹತ್ತಿರದಿಂದ.”

ಸಂಜೆ ವಾಪಸ್ ಬರುವಾಗ ನಾನು ಓಡಲೂ ಇಲ್ಲ, ಬಾಯಿ ಬಿಡಲೂ ಇಲ್ಲ. ಬಸ್ಸಿನಲ್ಲಿ ಎಡಗಡೆ ಕಿಟಕಿ ಪಕ್ಕ ಕೂತಿದ್ದ ಸೊಪ್ಪಿನಕ್ಕ ತಾನಾಗೇ ಎದ್ದಳು. “ಬಾರವ್ವಾ, ಇಲ್ಲಿ ಕೂತ್ಕೋ.” ನನ್ನ ಹೆಗಲಿಂದ ಟವಲ್ಲು ಕಿತ್ತುಕೊಂಡು ಕಿಟಕಿಯ ಗಾಜಿನ ಧೂಳನ್ನು ಒರೆಸಿದಳು.

ಮರ ಬಂತು. ಯಾರೂ ಕೂಗಲಿಲ್ಲ. ಅಜ್ಜಿ ಅದು ಚುಕ್ಕಿಯಾಗುವ ತನಕ ಕತ್ತು ತಿರುಗಿಸಿ ನೋಡಿದಳು. ಬೀರೂರು ಹತ್ತಿರ ಬಂದಾಗ ಮೆಲ್ಲಗೆ ಕೇಳಿದೆ, “ಹೆಂಗಿತ್ತು ಅಜ್ಜಿ?”

“ಹಂಗೇ ಐತೆ ಕಣೋ. ಕೆಳಗೆ ಒಂದು ಹುಡುಗಿ ನಿಂತ್ಕೊಂಡು ಬಸ್ಸಿಗೆ ಕೈ ಅಡ್ಡ ಹಾಕ್ತು. ಈ ಡ್ರೈವರು ನಿಲ್ಲಿಸ್ಲೇ ಇಲ್ಲ ನೋಡು.” ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ, ಗುಂಡಿಯಿಲ್ಲದ ಅಂಗಿಯ ತನಕ ಒಮ್ಮೆ ನೋಡಿದಳು. “ಆವತ್ತು ಗಂಡನ ಮನೆಗೆ ಹೊರಟಾಗ ನನ್ನ ಬಸ್ಸಿನೋನೂ ಹಿಂಗೇ ಹೋಗ್ಬಿಟ್ಟಿದ್ರೆ ನಿಮ್ಮಪ್ಪನೂ ಇರ್ತಿರ್ಲಿಲ್ಲ, ನೀನೂ ಇರ್ತಿರ್ಲಿಲ್ಲ. ನಾನು ನೆಮ್ಮದಿಯಾಗಿ ಮರ ನೋಡ್ಕೊಂಡು ಅಲ್ಲೇ ಇರ್ತಿದ್ದೆ.”