ಏಳನೇ ಕಾಲಂ

ನಮ್ಮ ಕಂಪನಿಯ ನಲವತ್ತೊಂದು ವರ್ಷಗಳ ಇತಿಹಾಸದಲ್ಲಿ ಕೆಲಸ ಬಿಡಲು ಮೂರು ಕಾರಣಗಳನ್ನು ಮಾತ್ರ ಮಾನ್ಯ ಮಾಡಲಾಗಿದೆ: ನಿವೃತ್ತಿ, ಮರಣ ಮತ್ತು ಎದುರು ಕಟ್ಟಡದ ಕಂಪನಿ. ಈ ಮೂರರಲ್ಲಿ ಯಾವುದೂ ಅಲ್ಲದ ಕಾರಣಕ್ಕೆ ಒಬ್ಬರು ರಾಜೀನಾಮೆ ಕೊಟ್ಟಾಗ ಏನೇನು ಕ್ರಮ ಕೈಗೊಳ್ಳಲಾಯಿತು ಎಂಬುದನ್ನು, ಸಿಬ್ಬಂದಿ ವಿಭಾಗದಲ್ಲಿ ನಮೂನೆಗಳ ಉಸ್ತುವಾರಿ ಹೊತ್ತಿರುವ ನಾನು, ಮುಂದಿನವರ ತಿಳಿವಳಿಕೆಗಾಗಿ ಬರೆದಿಡುತ್ತಿದ್ದೇನೆ. ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ರಾಜೀನಾಮೆ ಕೊಟ್ಟವರನ್ನು ನಾವೆಲ್ಲ ‘ಗುರುವಾರದವರು’ ಎನ್ನುತ್ತಿದ್ದೆವು. ನಾಲ್ಕನೇ ಮಹಡಿಯಲ್ಲಿ ಕೂತು ಹನ್ನೊಂದು ವರ್ಷದಿಂದ ಪ್ರತಿ ಗುರುವಾರ ಒಂದು ವರದಿ ಕಳಿಸುವುದು ಅವರ ಕೆಲಸ. ವರದಿಯಲ್ಲಿ ಹಸಿರು, ಹಳದಿ, ಕೆಂಪು ಚೌಕಗಳಿರುತ್ತಿದ್ದವು. ಕೆಂಪು ಹಾಕುವ ಮುಂಚೆ ಮೇಲಿನವರನ್ನು ಕೇಳಬೇಕು. ಕೇಳಿದರೆ ಅದು ಹಳದಿಯಾಗುತ್ತಿತ್ತು. ಒಂದನೇ ತಾರೀಕಿಗೆ ತಪ್ಪದೆ ಸಂಬಳ, ಕೂರಲು ತಿರುಗುವ ಕುರ್ಚಿ, ಕಿಟಕಿ ಪಕ್ಕದ ಜಾಗ. ಇಷ್ಟಿದ್ದೂ ಆ ಮನುಷ್ಯ ಭಾನುವಾರ ಹಾಯಾಗಿ ಮಲಗುವುದು ಬಿಟ್ಟು, ಹಳೇ ಬಸ್ ನಿಲ್ದಾಣದ ಹಿಂದೆ ಕೃತಕ ಕಾಲು ಮಾಡುವ ಒಬ್ಬ ಹೆಂಗಸಿನ ಶೆಡ್ಡಿಗೆ ಹೋಗಿ ಪ್ಲಾಸ್ಟರ್ ಕಲಸುತ್ತಿದ್ದರು. ಆಕೆಯನ್ನು ಊರೆಲ್ಲ ಕಾಲಿನಕ್ಕ ಎನ್ನುತ್ತದೆ.

ರಾಜೀನಾಮೆ ಪತ್ರ ನನ್ನ ಕಡತದಲ್ಲಿದೆ. ‘ನಾನು ಉಜ್ಜಿ ನಯ ಮಾಡಿದ ಮೊದಲ ಕಾಲನ್ನು ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟು, ಇಲ್ಲಿ ಸ್ವಲ್ಪ ಒತ್ತುತ್ತೆ ಎಂದರು. ಹನ್ನೊಂದು ವರ್ಷದಲ್ಲಿ ನನ್ನ ಕೆಲಸ ಎಲ್ಲಿ ಒತ್ತುತ್ತದೆ ಎಂದು ಯಾರೂ ಹೇಳಿರಲಿಲ್ಲ. ಆದ್ದರಿಂದ ನನ್ನನ್ನು ಬಿಡುಗಡೆ ಮಾಡಬೇಕಾಗಿ ವಿನಂತಿ.’

ಮ್ಯಾನೇಜರು ಇದನ್ನು ಎರಡು ಸಲ ಓದಿದರು.

“ಅಲ್ಲಾರೀ, ತಪ್ಪು ಹೇಳಿಸ್ಕೊಳ್ಳೋಕೆ ಅಷ್ಟು ದೂರ ಯಾಕೆ ಹೋಗ್ತೀರಿ? ಕೇಳಿದ್ರೆ ನಾನೇ ನಾಲ್ಕು ಬೈತಿದ್ನಲ್ಲ?”

“ಬೈಯೋ ವಿಷಯ ಅಲ್ಲ ಸಾರ್. ಅಕ್ಕನ ಕೈ ನಡುಗೋಕೆ ಶುರುವಾಗಿದೆ. ಇನ್ನಾರು ತಿಂಗಳು ಕೆಲಸ ಮಾಡಬಹುದು ಅಂತ ಡಾಕ್ಟ್ರು ಹೇಳಿದಾರೆ. ಅಷ್ಟರೊಳಗೆ ಮಂಡಿ ಜೋಡಿಸೋದನ್ನ ನಾನು ಕಲೀಬೇಕು. ಅದು ಅವರೊಬ್ಬರಿಗೇ ಬರೋದು.”

ಮರುದಿನ ಗುರುವಾರದವರ ಮಾವನವರು ನನಗೆ ಫೋನ್ ಮಾಡಿದರು. “ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ. ಮಗಳನ್ನ ಕೊಡೋವಾಗ ನಾಲ್ಕನೇ ಮಹಡಿ ಅಂದಿದ್ರು. ಈಗ ಶೆಡ್ಡು ಅಂತಿದಾರೆ.” ಅಷ್ಟರಲ್ಲಿ ಮಗಳೇ ಫೋನ್ ಕಿತ್ತುಕೊಂಡರು. “ಅಪ್ಪ ಹೇಳಿದ್ದನ್ನ ತಲೆಗೆ ಹಾಕ್ಕೋಬೇಡಿ ಸಾರ್. ಇವರು ಗುರುವಾರ ಊಟ ಮಾಡೋದನ್ನೂ ನೋಡಿದೀನಿ, ಭಾನುವಾರ ಊಟ ಮಾಡೋದನ್ನೂ ನೋಡಿದೀನಿ. ಬೇಗ ಬಿಟ್ಟು ಕಳಿಸಿ.”

ಕಳಿಸಲು ನನ್ನದೇನೂ ತಕರಾರಿರಲಿಲ್ಲ. ಕೆಲಸ ಬಿಡುವವರು ಹತ್ತೊಂಬತ್ತನೇ ನಮೂನೆ ತುಂಬಿ ಕೊಟ್ಟರೆ ಮುಗಿಯಿತು. ಅದರಲ್ಲಿ ಏಳು ಕಾಲಂಗಳಿವೆ. ಬೀಗದ ಕೈ, ಕಡತಗಳ ಪಟ್ಟಿ ಇತ್ಯಾದಿ ಆರನ್ನು ಗುರುವಾರದವರು ಒಂದೇ ಮಧ್ಯಾಹ್ನದಲ್ಲಿ ತುಂಬಿದರು. ಏಳನೆಯದು ‘ಈ ಕೆಲಸದ ಉದ್ದೇಶ’. ಅಲ್ಲಿ ಒಂದು ಗೆರೆ ಎಳೆದಿದ್ದರು. ನಿವೃತ್ತರಾದವರೆಲ್ಲ ಅಲ್ಲಿ ‘ಮೇಲಿನಂತೆ’ ಎಂದು ಬರೆದು ಹೋಗಿದ್ದಾರೆ, ಸತ್ತವರಿಗೆ ವಿನಾಯಿತಿ ಇದೆ. ಗೆರೆ ಎಳೆದವರು ಇವರೊಬ್ಬರೇ. ನಾನು ನಮೂನೆ ವಾಪಸ್ ಮಾಡಿದೆ.

“ಏನಂತ ಬರೀಲಿ?” ಎಂದು ಕೇಳಿದರು.

“ಇದ್ದದ್ದು ಬರೀರಿ.”

“ಗೊತ್ತಿಲ್ವಲ್ಲ.”

“ಹನ್ನೊಂದು ವರ್ಷ ಮಾಡಿದೀರಿ!”

“ಅದಕ್ಕೇ ಬಿಡ್ತಿರೋದು ಸಾರ್.”

‘ಮೇಲಿನಂತೆ’ ಎಂದು ಗೀಚಿ ಹೋಗಿದ್ದರೆ ಅವತ್ತೇ ಹೋಗಬಹುದಿತ್ತು. ಆದರೆ ಅವರಿಗೆ ಸುಳ್ಳು ಬರೆಯಲು ಮನಸ್ಸಿರಲಿಲ್ಲ. ಇಂಥವರಿಂದಲೇ ಕಚೇರಿಗಳಿಗೆ ತೊಂದರೆ.

ತಮ್ಮ ವರದಿ ಎಲ್ಲಿಗೆ ಹೋಗುತ್ತದೆ ಎಂದು ಅವರು ಹಿಂದೆ ಬಿದ್ದು ಹುಡುಕಿದರು. ವರದಿ ಗುರುವಾರ ಯೋಜನಾ ವಿಭಾಗಕ್ಕೆ ಹೋಗುತ್ತಿತ್ತು. ಅಲ್ಲಿ ಶುಕ್ರವಾರ ಅದಕ್ಕೆ ಮುಖಪುಟ ಹಾಕಿ ಸಮನ್ವಯ ವಿಭಾಗಕ್ಕೆ ಕಳಿಸುತ್ತಿದ್ದರು. ಸಮನ್ವಯದವರು ಸೋಮವಾರ ಮುಖಪುಟ ತೆಗೆದು, ಸಾರಾಂಶ ಮಾಡಿ, ‘ಮೂಲ ಮಾಹಿತಿ’ ಎಂಬ ಹೆಸರಿನಲ್ಲಿ ಮಂಗಳವಾರ ಗುರುವಾರದವರಿಗೇ ಕಳಿಸುತ್ತಿದ್ದರು. ಅದನ್ನು ಆಧರಿಸಿ ಅವರು ಮುಂದಿನ ವರದಿ ಬರೆಯುತ್ತಿದ್ದರು. ಇದು ದಾರಿಯಾಯಿತು, ಉದ್ದೇಶವಾಗಲಿಲ್ಲ ಎಂದು ನಾನು ವಿನಯದಿಂದ ತಿಳಿಸಿದೆ.

ಸುದ್ದಿ ಹರಡಿ ಮೂರನೇ ಮತ್ತು ಐದನೇ ಮಹಡಿಯವರೂ ತಂತಮ್ಮ ಕಾಗದಗಳ ಬೆನ್ನು ಹತ್ತಿದರು. ಕಾರಿಡಾರಿನಲ್ಲಿ ಜನ ಮುಖ ಸಪ್ಪೆ ಮಾಡಿಕೊಂಡು ನಿಲ್ಲತೊಡಗಿದರು. ಆಡಳಿತ ಕೂಡಲೇ ಸುತ್ತೋಲೆ ಹೊರಡಿಸಿತು:

‘ಕೆಲವು ಸಿಬ್ಬಂದಿ ಕಚೇರಿ ವೇಳೆಯಲ್ಲಿ ತಮ್ಮ ಕೆಲಸದ ಉದ್ದೇಶವನ್ನು ಹುಡುಕುತ್ತಿರುವುದು ಗಮನಕ್ಕೆ ಬಂದಿದ್ದು, ಇದರಿಂದ ಕೆಲಸಕ್ಕೆ ಅಡಚಣೆಯಾಗುತ್ತಿದೆ. ಇನ್ನು ಮುಂದೆ ಉದ್ದೇಶ ಹುಡುಕಬಯಸುವವರು ಮೂರು ದಿನ ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು. ಉದ್ದೇಶವೇನಾದರೂ ಸಿಕ್ಕಿದಲ್ಲಿ ಅದನ್ನು ಸ್ವಂತಕ್ಕೆ ಬಳಸದೆ ಸಿಬ್ಬಂದಿ ವಿಭಾಗಕ್ಕೆ ಒಪ್ಪಿಸತಕ್ಕದ್ದು.’

ಜೊತೆಗೆ ಒಂಬತ್ತು ಜನರ ಸಮಿತಿ ರಚನೆಯಾಯಿತು. ಸಮಸ್ಯೆಯ ಪರಿಚಯ ಇದ್ದವರು ಗುರುವಾರದವರೊಬ್ಬರೇ ಆದ್ದರಿಂದ ಅವರನ್ನೇ ಕಾರ್ಯದರ್ಶಿ ಮಾಡಲಾಯಿತು. ಸಮಿತಿ ವಾರವೆಲ್ಲ ಚರ್ಚಿಸುತ್ತಿತ್ತು. ನಡಾವಳಿ ಬರೆಯಲು ಅವರಿಗೆ ಭಾನುವಾರವಷ್ಟೇ ಉಳಿಯುತ್ತಿತ್ತು. ನಾಲ್ಕು ತಿಂಗಳು ಹೀಗೇ ಹೋಯಿತು. ಒಂದು ದಿನ ಸಭೆಯ ಮಧ್ಯೆ ಕಾಲಿನಕ್ಕನ ಫೋನ್ ಬಂತು. ಆಕೆಯ ದನಿ ದೊಡ್ಡದು, ಒಂಬತ್ತು ಜನಕ್ಕೂ ಕೇಳಿಸಿತು.

“ಏನಪ್ಪಾ, ಬರ್ತೀಯೋ ಇಲ್ವೋ? ಇವತ್ತು ಟೀ ಲೋಟಾನ ಎರಡೂ ಕೈಲಿ ಹಿಡ್ಕೊಂಡೆ.”

“ಬರ್ತೀನಕ್ಕ. ಇನ್ನೊಂದೇ ಕಾಲಂ ಬಾಕಿ.”

ಸಮಿತಿ ಈ ಅಡಚಣೆಯನ್ನು ನಡಾವಳಿಯಲ್ಲಿ ಸೇರಿಸದಿರಲು ಒಪ್ಪಿತು.

ಐದನೇ ತಿಂಗಳು ಇನ್ನೂರ ಹನ್ನೆರಡು ಪುಟಗಳ ವರದಿ ಬಂತು. ಕಂಪನಿಯೊಳಗೆ ಉದ್ದೇಶ ಲಭ್ಯವಿಲ್ಲ, ಹೊರಗಿನಿಂದ ತರಿಸಿಕೊಳ್ಳಬಹುದು ಎಂಬುದು ಅದರ ಶಿಫಾರಸು. ಎಲ್ಲಿಂದ? ರಾಜೀನಾಮೆ ಪತ್ರದಲ್ಲೇ ಸುಳಿವು ಇತ್ತಲ್ಲ! ನಿರ್ದೇಶಕರು ಬಹಳ ಖುಷಿಯಾಗಿ ಕಾಲಿನಕ್ಕನ ಶೆಡ್ಡನ್ನು ಕಂಪನಿಯ ಘಟಕವಾಗಿ ಸೇರಿಸಿಕೊಂಡರು. ಬಾಡಿಗೆ, ಕರೆಂಟು ಎಲ್ಲ ನಮ್ಮದೇ ಎಂದಾಗ ಅಕ್ಕ ಒಪ್ಪಿ ಸಹಿ ಹಾಕಿದರು. ಅಲ್ಲಿ ತಯಾರಾಗುವ ಕಾಲುಗಳ ಮೇಲೆ ನಿಗಾ ಇಡುವುದೇ ಇನ್ನು ಗುರುವಾರದ ವರದಿಯ ಉದ್ದೇಶ ಎಂದು ಆದೇಶವಾಯಿತು. ಏಳನೇ ಕಾಲಂ ತುಂಬಿತು. ನಾನೇ ಕೈಯಾರೆ ಮೊಹರು ಒತ್ತಿದೆ.

ಆದರೆ ಈಗ ಆ ಕೆಲಸಕ್ಕೆ ಉದ್ದೇಶ ಬಂದುಬಿಟ್ಟಿತ್ತು. ಉದ್ದೇಶವಿರುವ ಕೆಲಸವನ್ನು ಉದ್ದೇಶವಿಲ್ಲವೆಂಬ ಕಾರಣಕ್ಕೆ ಬಿಡಲು ಬರುವುದಿಲ್ಲ. ರಾಜೀನಾಮೆ ತಾನಾಗಿಯೇ ಬಿದ್ದುಹೋಯಿತು. ಗುರುವಾರದವರನ್ನು ಶೆಡ್ಡಿನ ಮುಖ್ಯಸ್ಥರನ್ನಾಗಿ ನೇಮಿಸಿ ಅಲ್ಲಿಗೇ ಕಳಿಸಲಾಯಿತು. ಕೇಳಿದ ಜಾಗ ಕೇಳಿದವರಿಗೆ ಸಿಕ್ಕಿತು. ಶೆಡ್ಡಿನ ಮೇಲೆ ಒಂದು ಮಹಡಿಯನ್ನೂ ಕಟ್ಟಿಸಿದ್ದರಿಂದ ಮಾವನವರಿಗೆ ಸಮಾಧಾನವಾಯಿತು. ಹೆಂಡತಿ ಮಾತ್ರ ಫೋನ್ ಮಾಡಿ, “ಈಗ ಭಾನುವಾರಾನೂ ಗುರುವಾರದ ಥರಾನೇ ಊಟ ಮಾಡ್ತಾರೆ” ಎಂದರು. ಅದಕ್ಕೆ ನಾನೇನು ಮಾಡಲಿ?

ಶೆಡ್ಡಿಗೆ ಮೆತ್ತನೆಯ ಕುರ್ಚಿಗಳು, ಟೋಕನ್ ಯಂತ್ರ, ಗಾಜಿನ ಬಾಗಿಲು ಬಂದವು. ಸುರಕ್ಷತಾ ನಿಯಮವೂ ಬಂತು: ಪ್ರಮಾಣಪತ್ರ ಇಲ್ಲದವರು ಪ್ಲಾಸ್ಟರ್ ಮುಟ್ಟುವಂತಿಲ್ಲ. ಮೂವತ್ತೊಂದು ವರ್ಷ ಕಾಲು ಮಾಡಿದ ಅಕ್ಕನ ಹತ್ತಿರ ಪ್ರಮಾಣಪತ್ರ ಇರಲಿಲ್ಲ. ಅದನ್ನು ಪಡೆಯಲು ಕಲಿಸಿದ ಗುರುವಿನ ಸಹಿ ಬೇಕು. ಕಲಿಸಿದ ಅವರಪ್ಪ ಸತ್ತು ಇಪ್ಪತ್ತು ವರ್ಷವಾಗಿದೆ. ಹೀಗಾಗಿ ಆಕೆಯನ್ನು ಸಲಹೆಗಾರರನ್ನಾಗಿ ಮಾಡಿ ಒಂದು ಮೇಜು ಕೊಟ್ಟೆವು.

“ಹೇಗಿದೀರಕ್ಕ?” ಎಂದು ವಿಚಾರಿಸಿದೆ.

“ಚೆನ್ನಾಗಿದೀನಪ್ಪ. ಕೈ ನಡುಗೋದು ಈಗ ಯಾರಿಗೂ ಕಾಣಲ್ಲ. ಮೇಜಿನ ಕೆಳಗೆ ಇಟ್ಕೊಂಡಿರ್ತೀನಿ.”

ಒಂದು ಸಂಜೆ ಎಲ್ಲರೂ ಹೋದ ಮೇಲೆ ಗುರುವಾರದವರು ಗಾಜಿನ ಬಾಗಿಲು ಎಳೆದುಕೊಂಡು, “ಅಕ್ಕಾ, ಯಾರೂ ಇಲ್ಲ. ಒಂದ್ಸಲ ತೋರಿಸಿಬಿಡಿ” ಎಂದರು. ನಾನು ಹೊರಗೆ ಕುರ್ಚಿ ಎಣಿಸುತ್ತಿದ್ದೆ, ಕಂಡಿತು. ಅಕ್ಕ ಮಂಡಿಯ ಬೋಲ್ಟನ್ನು ಕೈಗೆತ್ತಿಕೊಂಡರು. ಅದು ಮೂರು ಸಲ ಕೆಳಗೆ ಬಿತ್ತು. ಮೂರು ಸಲವೂ ಗುರುವಾರದವರು ಬಗ್ಗಿ ಎತ್ತಿಕೊಟ್ಟರು. ನಾಲ್ಕನೇ ಸಲ ಆಕೆ ಕೈ ಚಾಚಲಿಲ್ಲ. “ತಡ ಆಯ್ತು ಕಣಪ್ಪಾ” ಎಂದರು. ನಾನು ಕುರ್ಚಿಗಳನ್ನು ಮತ್ತೆ ಒಂದರಿಂದ ಎಣಿಸಿದೆ. ನಿಯಮ ಮುರಿದದ್ದನ್ನು ನಾನು ವರದಿ ಮಾಡಲಿಲ್ಲ. ನನ್ನ ಸೇವಾವಧಿಯಲ್ಲಿ ಇದೊಂದೇ ಲೋಪ.

ಕಾಲುಗಳು ತಯಾರಾಗುವುದು ನಿಂತಿತು. ಕಾಯುವವರ ಪಟ್ಟಿ ಇಪ್ಪತ್ತೆರಡಕ್ಕೆ ಏರಿ ಚೌಕ ಕೆಂಪಾಯಿತು. ಮೇಲಿನವರನ್ನು ಕೇಳಿದ್ದಾಯಿತು, ಹಳದಿ ಮಾಡಿದ್ದಾಯಿತು. ಹಸಿರಿನ ದಾರಿ ತೋರಿಸಿದವರು ಏಣಿಯಿಂದ ಬಿದ್ದು ಕಾಲು ಕಳೆದುಕೊಂಡ, ಬಣ್ಣ ಹೊಡೆಯುವ ಕೆಲಸದವರೊಬ್ಬರು. ಒಂಬತ್ತು ವಾರ ಕಾದ ಮೇಲೆ ಅವರು ನನ್ನ ಹತ್ತಿರ ಬಂದರು.

“ಕಾಲಿನ ವಿಷಯ ಬಿಡಿ ಸಾರ್. ಇಲ್ಲೇ ಕೂತು ಮಾಡೋ ಕೆಲಸ ಏನಾದ್ರೂ ಇದ್ರೆ ಕೊಡ್ತೀರಾ? ಕುರ್ಚಿ ಚೆನ್ನಾಗಿದೆ.”

ಟೋಕನ್ ಕೊಡುವ ಹುದ್ದೆ ಖಾಲಿ ಇತ್ತು, ಕೊಟ್ಟೆವು. ಕೂತು ಮಾಡುವ ಕೆಲಸಕ್ಕೆ ಕಾಲು ಅಗತ್ಯವಿಲ್ಲವಾದ್ದರಿಂದ ಅವರ ಅರ್ಜಿ ಇತ್ಯರ್ಥವಾಯಿತು. ಇದನ್ನು ಕಂಡು ಉಳಿದವರೂ ಅರ್ಜಿ ಹಾಕಿದರು. ಎರಡು ತಿಂಗಳಲ್ಲಿ ಇಪ್ಪತ್ತೆರಡೂ ಜನ ಕಂಪನಿಯ ಕಾಯಂ ನೌಕರರಾದರು. ಪಟ್ಟಿ ಸೊನ್ನೆಗೆ ಇಳಿಯಿತು. ಈ ಸಾಧನೆಯನ್ನು ನೋಡಿಕೊಂಡು ಹೋಗಲು ಎದುರು ಕಟ್ಟಡದ ಕಂಪನಿಯವರೂ ಬಂದಿದ್ದರು. ಯಾರದೂ ದೂರಿಲ್ಲ.

ಮೊನ್ನೆ ಗುರುವಾರ ಸಹಿ ಮಾಡಿಸಲು ಅಲ್ಲಿಗೆ ಹೋಗಿದ್ದೆ. ಗುರುವಾರದವರು ವರದಿಗೆ ಹಸಿರು ತುಂಬುತ್ತಿದ್ದರು. ಟೋಕನ್ ಕೇಳುವವರು ಯಾರೂ ಇರಲಿಲ್ಲ. ಬಣ್ಣ ಹೊಡೆಯುವವರು ಕುರ್ಚಿಗೆ ಒರಗಿ ಹೊಸ ಚಾವಣಿಯನ್ನೇ ನೋಡುತ್ತಿದ್ದರು.

“ಆ ಮೂಲೇಲಿ ಎರಡನೇ ಕೋಟ್ ಹೊಡೆದೇ ಇಲ್ಲ ಸಾರ್. ಏಣಿ ಹತ್ತಿದ್ರೆ ಐದು ನಿಮಿಷದ ಕೆಲಸ.”

ಅದು ಕಟ್ಟಡ ವಿಭಾಗಕ್ಕೆ ಸೇರಿದ್ದು ಎಂದು ತಿಳಿಸಿದೆ. “ಹೌದಾ” ಎಂದು ತಲೆಯಾಡಿಸಿದರು. ಗುರುವಾರದವರೂ ಪೆನ್ನು ಕೆಳಗಿಟ್ಟು ತಲೆಯೆತ್ತಿ ಆ ಮೂಲೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, ಐದು ಗಂಟೆಯೊಳಗೆ ಕಳಿಸಬೇಕಲ್ಲ, ಪೆನ್ನು ಎತ್ತಿಕೊಂಡು ಉಳಿದ ಚೌಕಗಳನ್ನು ತುಂಬಿದರು.